210 ಗ್ರಾಹಕರಿಗೆ 3 ಲಕ್ಷ: ಸಣ್ಣ ಗೇಮ್ ಸರ್ವರ್ ಕಂಪನಿಯನ್ನು ಕೊಳ್ಳಬೇಕೆ?

ನೀವು ಬೀದರ್‌ನಲ್ಲಿದ್ದುಕೊಂಡು ಎರಡು ವರ್ಷದಿಂದ, ಗೆಳೆಯರು ಸೇರಿ ಮೈನ್‌ಕ್ರಾಫ್ಟ್ ಆಟ ಆಡುವ ಸರ್ವರ್‌ಗಳನ್ನು ಬಾಡಿಗೆಗೆ ಕೊಡುತ್ತಿದ್ದೀರಿ, 140 ಗ್ರಾಹಕರಿದ್ದಾರೆ, ಜಾಹೀರಾತಿಗೆ ಸುರಿದ ಹಣ ಹುಟ್ಟುತ್ತಿಲ್ಲ. ಈಗ ಬೇರೆ ಊರಿನ ಸಣ್ಣ ಹೋಸ್ಟಿಂಗ್ ಕಂಪನಿಯವರು ತಮ್ಮ 210 ಗ್ರಾಹಕರನ್ನು ಹೆಸರಿನ ಸಮೇತ 3 ಲಕ್ಷಕ್ಕೆ ಬಿಟ್ಟುಕೊಡುತ್ತೇನೆ ಎನ್ನುತ್ತಿದ್ದಾರೆ, ಕೊಳ್ಳಬಹುದೇ ಎಂದು ಕೇಳಿದ್ದೀರಿ. ಆ ಬೆಲೆಗೆ ಬೇಡ. ಬೇರೆ ಕರಾರಿನ ಮೇಲಾದರೆ ಅವಶ್ಯವಾಗಿ ಮಾತಾಡಿ. ನಾನು ಕಲಬುರಗಿಯಲ್ಲಿ ಇದೇ ವ್ಯವಹಾರದಲ್ಲಿದ್ದೇನೆ. ಇಂಥ ಮೂರು ಸಣ್ಣ ಕಂಪನಿಗಳನ್ನು ಕೊಂಡಿದ್ದೇನೆ. ಮೊದಲನೆಯದರಲ್ಲಿ ಕೈ ಸುಟ್ಟುಕೊಂಡೆ, ಎರಡನೆಯದರಲ್ಲಿ ಹಾಕಿದ ಅಸಲು ಬಂತು, ಮೂರನೆಯದರಲ್ಲಿ ಮಾತ್ರ ನಾಲ್ಕು ಕಾಸು ಉಳಿಯಿತು.

ನನ್ನ ಸೋದರಮಾವ ಇಲ್ಲಿನ ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಮುನೀಮರಾಗಿದ್ದರು. ಅದರ ಮಾಲೀಕರು ವಯಸ್ಸಾಯಿತೆಂದು ಅಂಗಡಿಯನ್ನು ಬೇರೊಬ್ಬರಿಗೆ ಬಿಟ್ಟುಕೊಟ್ಟಾಗ ತಕ್ಕಡಿ, ಗೋದಾಮು, ಖಾತೆ ಪುಸ್ತಕ ಎಲ್ಲವೂ ಹೊಸಬರ ಕೈಗೆ ಬಂದವು. ಮುಂದಿನ ಹಂಗಾಮಿನಲ್ಲಿ ತೊಗರಿ ಹೊತ್ತ ಟ್ರ್ಯಾಕ್ಟರುಗಳು ಮಾತ್ರ ಹಳೆಯ ಮಾಲೀಕರ ತಮ್ಮನ ಅಂಗಡಿಯ ಮುಂದೆ ಹೋಗಿ ನಿಂತವು. ನಮ್ಮ ವ್ಯವಹಾರದಲ್ಲಿ ಖಾತೆ ಪುಸ್ತಕಕ್ಕೂ ಅಷ್ಟು ಬಲವಿಲ್ಲ, ಏಕೆಂದರೆ ಇಲ್ಲಿ ಯಾರೂ ಯಾರಿಗೂ ಬಾಕಿದಾರರಲ್ಲ. ನೀವು ಕೊಳ್ಳುತ್ತಿರುವುದು 210 ಜನ ಮುಂದಿನ ತಿಂಗಳು ಹಣ ಕಟ್ಟಿಯಾರು ಎಂಬ ನಂಬಿಕೆಯನ್ನು, ಅಷ್ಟೇ.

ಆ ನಂಬಿಕೆಗೆ ಮೊದಲ ಪೆಟ್ಟು ಬೀಳುವುದು ಪಾವತಿಯ ದಾರಿಯಲ್ಲಿ. 2022ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ವ್ಯಾಪಾರಿಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದರ ಬದಲಿಗೆ ಇರುವ ಟೋಕನ್ ಎಂಬ ಸಂಕೇತ ಸಂಖ್ಯೆ ಆ ಒಬ್ಬ ವ್ಯಾಪಾರಿಗೇ ಕಟ್ಟುಬಿದ್ದಿರುತ್ತದೆ. ಪ್ರತಿ ತಿಂಗಳು ತಾನಾಗಿಯೇ ಹಣ ಕಡಿತವಾಗುವ ಯುಪಿಐ ಆಟೋಪೇಗೆ ಗ್ರಾಹಕ ಕೊಟ್ಟ ಒಪ್ಪಿಗೆಯೂ ಹಾಗೆಯೇ, ಹಳೆಯ ವ್ಯಾಪಾರಿಯ ಹೆಸರಿನಲ್ಲಿರುತ್ತದೆ. ಮಾರುವವರದು ನೋಂದಾಯಿತ ಪ್ರೈವೇಟ್ ಲಿಮಿಟೆಡ್ ಆಗಿದ್ದು ನೀವು ಆ ಕಂಪನಿಯ ಷೇರುಗಳನ್ನೇ ಕೊಂಡರೆ ಈ ತೊಡಕಿಲ್ಲ. ಆದರೆ ನಮ್ಮ ಗಾತ್ರದಲ್ಲಿ ಮಾರಾಟಕ್ಕೆ ಬರುವವರಲ್ಲಿ ಬಹುಪಾಲು ಒಬ್ಬ ಹುಡುಗನ ಹೆಸರಿನ ಬ್ಯಾಂಕ್ ಖಾತೆ, ಒಂದು ಡೊಮೈನ್ ಅಂದರೆ ಜಾಲತಾಣದ ಹೆಸರು, ಮತ್ತು ಗ್ರಾಹಕರು ಮಾತಾಡಿಕೊಳ್ಳುವ ಒಂದು ಡಿಸ್ಕಾರ್ಡ್ ಗುಂಪು, ಇಷ್ಟೇ. ಅಲ್ಲಿಂದ ಬರುವ ಪ್ರತಿಯೊಬ್ಬ ಗ್ರಾಹಕನೂ ನಿಮ್ಮ ಪುಟಕ್ಕೆ ಬಂದು ಹೊಸದಾಗಿ ಪಾವತಿಗೆ ಒಪ್ಪಬೇಕು. ಮರೆತು ಮರೆತು ಕಟ್ಟುತ್ತಿದ್ದ ತಂದೆಗೆ ಆ ಕ್ಷಣದಲ್ಲಿ, ಮಗ ಆಟ ಬಿಟ್ಟು ಮೂರು ತಿಂಗಳಾಯಿತಲ್ಲ ಎಂಬುದು ನೆನಪಾಗುತ್ತದೆ.

ಎರಡನೆಯ ಮಾತು ಋತುವಿನದು. ಬೇಸಿಗೆ ರಜೆಗೆ ಹುಟ್ಟಿ ಶಾಲೆ ತೆರೆಯುವಷ್ಟರಲ್ಲಿ ಮುಚ್ಚುವ ಕಂಪನಿಗಳಿಗೆ ಈ ವ್ಯವಹಾರದವರು ಸಮ್ಮರ್ ಹೋಸ್ಟ್ ಎಂದು ಹೆಸರಿಟ್ಟಿದ್ದಾರೆ. ನಡೆಸುವವರೂ ವಿದ್ಯಾರ್ಥಿಗಳು, ಗ್ರಾಹಕರೂ ವಿದ್ಯಾರ್ಥಿಗಳು. ಏಪ್ರಿಲ್, ಮೇ ತಿಂಗಳ ಲೆಕ್ಕ ತೋರಿಸಿ ಜೂನ್‌ನಲ್ಲಿ ಬೆಲೆ ಹೇಳುವವರೇ ಹೆಚ್ಚು, ಆದ್ದರಿಂದ ಗ್ರಾಹಕರ ಆನ್‌ಲೈನ್ ಪಾವತಿಯನ್ನು ಪಡೆದುಕೊಡುವ ಪೇಮೆಂಟ್ ಗೇಟ್‌ವೇಯಿಂದ ನೇರವಾಗಿ ಇಳಿಸಿದ 12 ತಿಂಗಳ ಫೈಲ್ ಕೇಳಿ. ಬಿಲ್ಲಿಂಗ್ ಪ್ಯಾನೆಲ್‌ನ ಸ್ಕ್ರೀನ್‌ಶಾಟ್ ಬೇಡ. ಅದರಲ್ಲಿ ‘ಸಕ್ರಿಯ’ ಎಂದು ತೋರುವ ಖಾತೆಗಳಲ್ಲಿ ಗೆಳೆಯರಿಗೆ ಪುಕ್ಕಟೆ ಕೊಟ್ಟವೂ ಸೇರಿರುತ್ತವೆ.

ಈಗ ನಿಮ್ಮ 210ನ್ನೇ ತೆಗೆದುಕೊಳ್ಳೋಣ. ಅಂಕಿಗಳು ನನ್ನ ಊಹೆಯವು, ಲೆಕ್ಕ ಹಾಕುವ ರೀತಿಯನ್ನಷ್ಟೇ ನೋಡಿ. ಅದರಲ್ಲಿ 46 ಪುಕ್ಕಟೆ ಅಥವಾ ಬಾಕಿ ಉಳಿದ ಖಾತೆಗಳು, 38 ಇಡೀ ವರ್ಷದ ಹಣ ಮೊದಲೇ ಕಟ್ಟಿದವರು ಎಂದುಕೊಳ್ಳಿ. ತಿಂಗಳು ತಿಂಗಳು ಕಟ್ಟುವವರು ಉಳಿದದ್ದು 126. ಒಬ್ಬರು ಸರಾಸರಿ 350 ರೂಪಾಯಿ ಕಟ್ಟುತ್ತಾರೆ. ಮಾರುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟದಿದ್ದರೆ ಅವರು ಜಿಎಸ್‌ಟಿ ನೋಂದಣಿ ಮಾಡಿಸಿರಲಿಕ್ಕಿಲ್ಲ, ಆ 350 ಪೂರ್ತಿ ಅವರ ಜೇಬಿಗೆ ಹೋಗುತ್ತಿತ್ತು. ನೀವು ನೋಂದಾಯಿತರಾಗಿದ್ದರೆ ಅದೇ 350ರಲ್ಲಿ ಶೇ 18 ತೆರಿಗೆ ಕಳೆದು ನಿಮಗೆ ಉಳಿಯುವುದು 297. ಕೊಂಡ ದಿನವೇ ಪ್ರತಿ ಗ್ರಾಹಕನಿಂದ 53 ರೂಪಾಯಿ ಕರಗಿತು. ಹತ್ತರಲ್ಲಿ ಏಳು ಜನ ಮೂರು ತಿಂಗಳ ನಂತರವೂ ಉಳಿದರು ಎಂದರೆ 88 ಜನ, ತಿಂಗಳಿಗೆ 26 ಸಾವಿರ. ಯಂತ್ರದ ಬಾಡಿಗೆ, ಗೇಟ್‌ವೇ ಶುಲ್ಕ, ರಾತ್ರಿ ಹನ್ನೊಂದಕ್ಕೆ ಬರುವ ದೂರುಗಳಿಗೆ ಉತ್ತರಿಸುವ ಹುಡುಗನ ಸಂಬಳ ಎಲ್ಲ ಸೇರಿ ಅರ್ಧ ಹೋಗಿ 13 ಸಾವಿರ ಉಳಿಯಿತು. ಅವರು ಇನ್ನೂ ಎಂಟು ತಿಂಗಳು ನಿಂತರೆ 1 ಲಕ್ಷ 4 ಸಾವಿರ. ಇತ್ತ ವರ್ಷದ ಹಣ ಕಟ್ಟಿದ 38 ಜನರ ದುಡ್ಡನ್ನು ಮಾರುವವರು ಆಗಲೇ ಖರ್ಚು ಮಾಡಿದ್ದಾರೆ, ಸರಾಸರಿ ಏಳು ತಿಂಗಳ ಸೇವೆಯನ್ನು ಕೊಡಬೇಕಾದವರು ನೀವು. ಅದರ ಖರ್ಚು ಸುಮಾರು 39 ಸಾವಿರ. ಕಳೆದರೆ 65 ಸಾವಿರ. ಆ 38ರಲ್ಲಿ ಕೆಲವರು ಮತ್ತೆ ಕಟ್ಟಿಯಾರು ಎಂದು ಉದಾರವಾಗಿ ಸೇರಿಸಿದರೂ ಒಂದು ಲಕ್ಷದ ಆಚೆಗೆ ಹೋಗಲು ನನಗೆ ಧೈರ್ಯ ಬರುವುದಿಲ್ಲ. ನಿಮ್ಮ ಮಾರಾಟಗಾರರು ಹೇಳುತ್ತಿರುವುದು ಮೂರು.

ದೊಡ್ಡವರು ಕೊಳ್ಳುವುದಿಲ್ಲವೇ ಎಂದರೆ, ಕೊಳ್ಳುತ್ತಾರೆ. ಬ್ರಿಟನ್ನಿನ ಮಲ್ಟಿಪ್ಲೇ ಎಂಬ ಗೇಮ್ ಸರ್ವರ್ ಕಂಪನಿಯನ್ನು 2015ರಲ್ಲಿ ಗೇಮ್ ಎಂಬ ಅಂಗಡಿ ಸರಣಿ ಕೊಂಡಿತು, ಎರಡು ವರ್ಷದ ನಂತರ ಅದರ ಸರ್ವರ್ ವಿಭಾಗವನ್ನು, ಗೇಮ್ ತಯಾರಿಸುವ ತಂತ್ರಾಂಶದ ಕಂಪನಿಯಾದ ಯೂನಿಟಿ ಕೊಂಡಿತು. ಯೂನಿಟಿಗೆ ಬೇಕಿದ್ದುದು ಆ ತಂತ್ರಜ್ಞಾನ ಮತ್ತು ಅದನ್ನು ನಡೆಸಬಲ್ಲ ಜನ. ನಿಮಗೆ ಮಾರಲು ಬಂದವರ ಬಳಿ ಇರುವುದು ನಿಮ್ಮಲ್ಲೂ ಇರುವ ಅದೇ ಪ್ಯಾನೆಲ್ (ಸರ್ವರ್‌ಗಳನ್ನು ನಿಭಾಯಿಸುವ ತಂತ್ರಾಂಶ), ಅದೇ ಬಾಡಿಗೆ ಯಂತ್ರ. ಹಾಗಾಗಿ ಆ ಉದಾಹರಣೆ ಹಿಡಿದು ಬೆಲೆ ಏರಿಸಲು ಬಂದರೆ ಕಿವಿಗೊಡಬೇಡಿ.

ಬೆಲೆಗಿಂತ ಹೆಚ್ಚಾಗಿ ನನ್ನನ್ನು ಮುಳುಗಿಸಿದ್ದು ಸ್ಥಳಾಂತರ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲ ಖರೀದಿಯಲ್ಲಿ 96 ಗ್ರಾಹಕರಿಗೆ 90 ಸಾವಿರವನ್ನು ಒಂದೇ ಕಂತಿನಲ್ಲಿ ಕೊಟ್ಟಿದ್ದೆ. ಮಾರಿದ ಹುಡುಗ ಪಿಯುಸಿ ಮುಗಿಸಿ ಎಂಜಿನಿಯರಿಂಗ್‌ಗೆ ಹೊರಟವನು, ಅವನಿಗೂ ಅವಸರ. ಮೇ ತಿಂಗಳ ಒಂದು ಶನಿವಾರ ರಾತ್ರಿ ಕೂತೆವು. ಮಕ್ಕಳು ಅತಿ ಹೆಚ್ಚು ಆಡುವುದೇ ಶನಿವಾರ ರಾತ್ರಿ ಎಂಬ ಸಾಮಾನ್ಯ ಜ್ಞಾನವೂ ನಮಗಿರಲಿಲ್ಲ. ರಾತ್ರಿ ಒಂದು ಗಂಟೆಗೂ ಗೋಡೆ ಮುಟ್ಟಿದರೆ ಬಿಸಿ, ಕರೆಂಟು ಎರಡು ಸಲ ಹೋಗಿ ಬಂತು, ಯಂತ್ರಗಳು ಮುಂಬೈಯಲ್ಲಿದ್ದುದರಿಂದ ಅವು ಮಾತ್ರ ಬದುಕಿದವು. ಅವನದು ಮಲ್ಟಿಕ್ರಾಫ್ಟ್ ಪ್ಯಾನೆಲ್, ನನ್ನದು ಟೆರೊಡಾಕ್ಟಿಲ್. ಪ್ರತಿ ಸರ್ವರ್‌ನಲ್ಲಿ ಆಟಗಾರರು ಕಟ್ಟಿದ್ದೆಲ್ಲ ಇರುವ ವರ್ಲ್ಡ್ ಫೋಲ್ಡರನ್ನು ಆ ಕಡೆಯಿಂದ ಈ ಕಡೆಗೆ ನಕಲು ಮಾಡಲು ನಾನೇ ಒಂದು ಸ್ಕ್ರಿಪ್ಟ್ ಬರೆದಿದ್ದೆ. ಮೂಲ ಮೈನ್‌ಕ್ರಾಫ್ಟ್‌ನಲ್ಲಿ ನೆದರ್ ಮತ್ತು ಎಂಡ್ ಲೋಕಗಳು ಆ ಒಂದೇ ಫೋಲ್ಡರಿನ ಒಳಗಿರುತ್ತವೆ. ಆದರೆ ಅವನ ಗ್ರಾಹಕರಲ್ಲಿ ಹೆಚ್ಚಿನವರು ಬಳಸುತ್ತಿದ್ದ ಪೇಪರ್ ಎಂಬ ಬೇರೆ ಸರ್ವರ್ ತಂತ್ರಾಂಶದಲ್ಲಿ ಅವೆರಡಕ್ಕೂ ಪಕ್ಕದಲ್ಲಿಯೇ ಬೇರೆ ಬೇರೆ ಫೋಲ್ಡರುಗಳಿದ್ದವು. ನನ್ನ ಸ್ಕ್ರಿಪ್ಟ್ ಅವುಗಳನ್ನು ಮುಟ್ಟಲೇ ಇಲ್ಲ. ಬೆಳಗಾಗುವಷ್ಟರಲ್ಲಿ ನಲವತ್ತಕ್ಕೂ ಹೆಚ್ಚು ಮನೆಗಳ ನೆದರ್ ಹೊಸದಾಗಿ ಹುಟ್ಟಿಕೊಂಡಿತ್ತು, ಅಲ್ಲಿ ಮೊದಲು ಕಟ್ಟಿದ್ದೆಲ್ಲ ಮಾಯ.

ಅದಕ್ಕಿಂತ ಘೋರವಾದದ್ದು ಇನ್ನೊಂದು. ಆ ಹುಡುಗನ ಬಹಳಷ್ಟು ಸರ್ವರ್‌ಗಳು ಆಫ್‌ಲೈನ್ ಮೋಡ್‌ನಲ್ಲಿ, ಅಂದರೆ ಕೊಂಡ ಖಾತೆ ಇಲ್ಲದವರನ್ನೂ ಒಳಗೆ ಬಿಡುವ ರೀತಿಯಲ್ಲಿ, ನಡೆಯುತ್ತಿದ್ದವು. ಅದರ ಸರಿತಪ್ಪು ಬೇರೆ ಚರ್ಚೆ. ನನ್ನ ಪ್ಯಾನೆಲ್‌ನ ಮಾದರಿಯಲ್ಲಿ ಸರ್ವರ್ ಎದ್ದಾಗಲೆಲ್ಲ ಆನ್‌ಲೈನ್ ಮೋಡ್ ತಾನಾಗಿಯೇ ಚಾಲೂ ಆಗುವಂತೆ ನಾನೇ ಒಂದು ಸಾಲು ಸೇರಿಸಿಟ್ಟಿದ್ದೆ. ಈ ಎರಡು ಮೋಡ್‌ಗಳಲ್ಲಿ ಆಟಗಾರನ ಗುರುತಿನ ಸಂಖ್ಯೆ ಬೇರೆ ಬೇರೆ, ಏಕೆಂದರೆ ಒಂದರಲ್ಲಿ ಅದು ಖಾತೆಯಿಂದ ಬರುತ್ತದೆ, ಇನ್ನೊಂದರಲ್ಲಿ ಬರೀ ಹೆಸರಿನಿಂದ ಹುಟ್ಟುತ್ತದೆ. ಖಾತೆ ಇಲ್ಲದವರಿಗೆ ಬಾಗಿಲೇ ತೆರೆಯಲಿಲ್ಲ. ಖಾತೆ ಇದ್ದವರು ಒಳಗೆ ಬಂದರೂ ಸರ್ವರ್‌ಗೆ ಅವರು ಅಪರಿಚಿತರು, ಮೈಮೇಲಿನ ಕವಚವಿಲ್ಲ, ಕೈಯಲ್ಲಿ ಕತ್ತಿಯಿಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೆ ಶಹಾಪುರದಿಂದ ಒಬ್ಬ ಹುಡುಗ ಫೋನ್ ಮಾಡಿ, “ಅಣ್ಣಾ, ನನ್ನ ಸಾಮಾನೆಲ್ಲಾ ಎಲ್ಲಿ ಹೋತ್ರಿ? ಎಂಟ್ ತಿಂಗಳ ಆಡಿದ್ದು ಐತ್ರಿ,” ಎಂದ. ಅವನ ಸಾಮಾನು ಎಲ್ಲಿಗೂ ಹೋಗಿರಲಿಲ್ಲ, ಹಳೆಯ ಗುರುತಿನ ಫೈಲಿನಲ್ಲಿ ಭದ್ರವಾಗಿಯೇ ಇತ್ತು, ಆ ಒಂದು ಸಾಲನ್ನು ಅಳಿಸಿ ಆಫ್‌ಲೈನ್ ಮೋಡ್‌ಗೆ ಮರಳಿಸಿದ ಕೂಡಲೇ ಮರಳಿ ಬಂತು. ಆದರೆ ನನಗೆ ಕಾರಣ ಹೊಳೆದದ್ದು ಮಧ್ಯಾಹ್ನ ಎರಡಕ್ಕೆ. ಅಷ್ಟರಲ್ಲಿ ಹೊಸಬರು ಎಲ್ಲ ಅಳಿಸಿಹಾಕಿದ್ದಾರೆ ಎಂಬ ಮಾತು ಡಿಸ್ಕಾರ್ಡ್ ತುಂಬ ಹರಡಿತ್ತು. ಮೂರನೆಯ ತಿಂಗಳಿಗೆ ಉಳಿದವರು 41 ಜನ. ತಲೆಗೆ 937 ರೂಪಾಯಿ ಕೊಟ್ಟೆನೆಂದುಕೊಂಡಿದ್ದ ಗ್ರಾಹಕ ಕೊನೆಗೆ 2,195ಕ್ಕೆ ಬಿದ್ದ.

ಆ ಮೇಲೆ ನಾನು ಸ್ಥಳಾಂತರವನ್ನು ವಾರದ ನಡುವೆ ಶಾಲೆಯ ವೇಳೆಯಲ್ಲಿಯೇ ಮಾಡುತ್ತೇನೆ, ದಿನಕ್ಕೆ ಹತ್ತು ಸರ್ವರ್ ಮೀರುವುದಿಲ್ಲ, ಮೂವತ್ತು ದಿನ ಮೊದಲೇ ಇಮೇಲ್ ಹೋಗುತ್ತದೆ, ಆ ಇಮೇಲನ್ನು ಹಳೆಯ ಮಾಲೀಕನೇ ತನ್ನ ಹೆಸರಿನಲ್ಲಿ ಕಳಿಸಬೇಕು. ಹಳೆಯ ಯಂತ್ರವನ್ನು ಇನ್ನೂ ಒಂದು ತಿಂಗಳು ಬಾಡಿಗೆ ಕೊಟ್ಟು ಉಳಿಸಿಕೊಂಡು, ಅಲ್ಲಿಗೆ ಬರುವ ಸಂಪರ್ಕಗಳನ್ನು ಹೊಸ ಯಂತ್ರಕ್ಕೆ ತಿರುಗಿಸುತ್ತೇನೆ, ಏಕೆಂದರೆ ಮಕ್ಕಳು ಸರ್ವರ್‌ನ ವಿಳಾಸವಾದ ಐಪಿ ಮತ್ತು ಪೋರ್ಟ್ ಸಂಖ್ಯೆಯನ್ನು ಬರೆದಿಟ್ಟುಕೊಂಡು ಗೆಳೆಯರಿಗೆಲ್ಲ ಹಂಚಿರುತ್ತಾರೆ. ಮಾರುವವರು ಪ್ರತಿ ಗ್ರಾಹಕನಿಗೆ ಒಂದು ಉಪಡೊಮೈನ್ ಕೊಟ್ಟಿದ್ದರೆ ಅದೃಷ್ಟ. ಆ ಹೆಸರು ಯಾವ ಯಂತ್ರಕ್ಕೆ ಹೋಗಬೇಕೆಂದು ಹೇಳುವ ಎಸ್‌ಆರ್‌ವಿ ದಾಖಲೆಯೊಂದನ್ನು ಬದಲಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಯಂತ್ರಗಳ ಬಗ್ಗೆ ಕೇಳಬೇಕಾದದ್ದು ಹೆಚ್ಚಿಲ್ಲ, ಆದರೆ ಬಿಡುವಂತಿಲ್ಲ. ಮೈನ್‌ಕ್ರಾಫ್ಟ್ ಸೆಕೆಂಡಿಗೆ 20 ಟಿಕ್, ಅಂದರೆ ಆಟದ ಲೋಕ ಮುಂದೆ ಸರಿಯುವ 20 ಹೆಜ್ಜೆ, ಓಡಬೇಕು, ಒಂದೊಂದಕ್ಕೆ 50 ಮಿಲಿಸೆಕೆಂಡ್, ಆ ಕೆಲಸದ ಮುಖ್ಯ ಭಾಗವೆಲ್ಲ ಪ್ರೊಸೆಸರಿನ ಒಂದೇ ಕೋರ್‌ನ ಮೇಲೆ ಬೀಳುತ್ತದೆ. 64 ಜಿಬಿ ಮೆಮೊರಿಯ ಯಂತ್ರದ ಮೇಲೆ 150 ಜಿಬಿ ಮಾರಿದವರ ಗ್ರಾಹಕರನ್ನು ಅದೇ ದರಕ್ಕೆ ನೀವು ಪ್ರಾಮಾಣಿಕವಾಗಿ ಸಾಕಲಾರಿರಿ. ಬ್ಯಾಕಪ್ ಅದೇ ಕಟ್ಟಡದಲ್ಲಿದೆಯೇ ಎಂದೂ ಕೇಳಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಹೋಸ್ಟಿಂಗ್ ಕಂಪನಿಯ ಡೇಟಾ ಸೆಂಟರ್ ಹೊತ್ತಿ ಉರಿದಾಗ ರಸ್ಟ್ ಆಟದ ಯುರೋಪಿನ ಹಲವು ಸರ್ವರ್‌ಗಳ ಮಾಹಿತಿ ಮರಳಿ ಸಿಗದಂತೆ ಹೋಯಿತು. ಇನ್ನು ದೊಡ್ಡ ಸಾರ್ವಜನಿಕ ಸರ್ವರ್ ಏನಾದರೂ ಆ 210ರಲ್ಲಿದ್ದರೆ, ಗ್ರಾಹಕನ ಜೊತೆಗೆ, ಹುಸಿ ಸಂಪರ್ಕಗಳ ಸುರಿಮಳೆಯಿಂದ ಸರ್ವರ್ ಬೀಳಿಸಲು ನೋಡುವ ಅವನ ವೈರಿಗಳೂ ನಿಮ್ಮ ಮನೆಗೆ ಬರುತ್ತಾರೆಂದು ತಿಳಿಯಿರಿ. 2016ರ ಮಿರಾಯ್ ಬಾಟ್‌ನೆಟ್, ಅಂದರೆ ಕದ್ದು ವಶಪಡಿಸಿಕೊಂಡ ಸಾಧನಗಳ ದಾಳಿಪಡೆ, ಹುಟ್ಟಿದ್ದೇ ಮೈನ್‌ಕ್ರಾಫ್ಟ್ ಸರ್ವರ್‌ಗಳವರ ಇಂಥ ಹೊಡೆದಾಟದಲ್ಲಿ.

ಕಾಗದಪತ್ರದ ಬಗ್ಗೆ ಎರಡು ಮಾತು. ಮಾರಿದವನು ಮರುದಿನವೇ ಹೊಸ ಹೆಸರಿನಲ್ಲಿ ಅಂಗಡಿ ತೆರೆಯದಂತೆ ಕರಾರು ಮಾಡಿಕೊಳ್ಳಬಹುದು. 1872ರ ಕರಾರು ಕಾಯಿದೆಯ 27ನೆಯ ಸೆಕ್ಷನ್ ವ್ಯಾಪಾರವನ್ನು ತಡೆಯುವ ಕರಾರುಗಳನ್ನು ಒಪ್ಪದಿದ್ದರೂ, ವ್ಯಾಪಾರದ ಹೆಸರು ಮತ್ತು ಗಿರಾಕಿಯನ್ನು ಮಾರಿದವನಿಗೆ ಮಾತ್ರ ಗೊತ್ತುಪಡಿಸಿದ ಸ್ಥಳದ ಮಿತಿಯೊಳಗೆ ಅಂಥ ನಿರ್ಬಂಧ ಹಾಕಲು ಅವಕಾಶ ಕೊಟ್ಟಿದೆ. ಇಂಟರ್ನೆಟ್ ವ್ಯಾಪಾರಕ್ಕೆ ಸ್ಥಳದ ಮಿತಿ ಎಂದರೆ ಯಾವುದು ಎಂಬುದು ವಕೀಲರಿಗೆ ಬಿಟ್ಟ ತಲೆನೋವು. ಎರಡನೆಯದಾಗಿ, ನಡೆಯುತ್ತಿರುವ ವ್ಯವಹಾರವನ್ನು ಇಡಿಯಾಗಿ ವರ್ಗಾಯಿಸಿದರೆ ಅದರ ಮೇಲೆ ಜಿಎಸ್‌ಟಿ ಇಲ್ಲ, ಗ್ರಾಹಕರ ಪಟ್ಟಿಯನ್ನಷ್ಟೇ ಬಿಡಿಯಾಗಿ ಮಾರಿದರೆ ಮಾತು ಬೇರೆ. ಕರಾರಿನ ಒಕ್ಕಣೆಯನ್ನು ಸಹಿಗೆ ಮುಂಚೆ ನಿಮ್ಮ ಸಿಎಗೆ ತೋರಿಸಿ. ಮಕ್ಕಳ ಹೆಸರು, ಫೋನ್ ಸಂಖ್ಯೆ ಕೈಬದಲಾಗುವಾಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18ರ ಒಳಗಿನವರನ್ನೆಲ್ಲ ಮಕ್ಕಳೆಂದೇ ಎಣಿಸಿ ಪೋಷಕರ ಒಪ್ಪಿಗೆ ಕೇಳುತ್ತದೆ ಎಂಬುದೂ ಗಮನದಲ್ಲಿರಲಿ.

ನನ್ನ ಮೂರನೆಯ ಖರೀದಿಯ ಕರಾರನ್ನೇ ನಿಮಗೆ ಸೂಚಿಸುತ್ತೇನೆ. ಅಲ್ಲಿ 74 ಗ್ರಾಹಕರಿದ್ದರು. ಡೊಮೈನ್, ಡಿಸ್ಕಾರ್ಡ್ ಒಡೆತನ ಮತ್ತು ಎಲ್ಲ ಫೈಲುಗಳು ಕೈಗೆ ಬಂದ ದಿನ 20 ಸಾವಿರ ಕೊಟ್ಟೆ. ಆಮೇಲೆ ಆರು ತಿಂಗಳು, ಅವರಲ್ಲಿ ಯಾರು ನನ್ನ ಪುಟದಲ್ಲಿ ನಿಜವಾಗಿ ಹಣ ಕಟ್ಟಿದರೋ ಅವರು ಕಟ್ಟಿದ್ದರಲ್ಲಿ ತೆರಿಗೆ ಕಳೆದು ಶೇ 30 ಮಾರಿದವರಿಗೆ. ಮೊದಲ ಎರಡು ತಿಂಗಳು ಅವರೇ ಡಿಸ್ಕಾರ್ಡ್‌ನಲ್ಲಿ ಇದ್ದು ಗ್ರಾಹಕರಿಗೆ ಉತ್ತರ ಕೊಡಬೇಕೆಂಬ ಷರತ್ತೂ ಇತ್ತು. ಪಾಲು ಇದ್ದುದರಿಂದ ಹೇಳಿಸಿಕೊಳ್ಳದೆ ಕೊಟ್ಟರು, ಗ್ರಾಹಕನೊಬ್ಬ ಬಿಟ್ಟು ಹೊರಟರೆ ನನಗಿಂತ ಮುಂಚೆ ಅವರೇ ಫೋನ್ ಮಾಡುತ್ತಿದ್ದರು. ಆರನೆಯ ತಿಂಗಳ ಕೊನೆಗೆ 58 ಜನ ಉಳಿದಿದ್ದರು, ನಾನು ಕೊಟ್ಟದ್ದು ಒಟ್ಟು 53 ಸಾವಿರದಷ್ಟು.

ನಿಮ್ಮವರಿಂದ ಈಗ ಎರಡೇ ಫೈಲ್ ಕೇಳಿ: ಗೇಟ್‌ವೇಯ 12 ತಿಂಗಳ ಪಾವತಿ, ಮತ್ತು ವರ್ಷದ ಹಣ ಕಟ್ಟಿದವರ ಮುಕ್ತಾಯದ ದಿನಾಂಕಗಳು. ಕೊಡಲು ಹಿಂದೇಟು ಹಾಕಿದರೆ ಮೇಲಿನ ಪಾಲಿನ ಕರಾರನ್ನು ಮುಂದಿಟ್ಟು ಸುಮ್ಮನೆ ಬಂದುಬಿಡಿ, ಚೌಕಾಸಿಗೆ ಕೂರಬೇಡಿ. ನನ್ನ ಮೂರನೆಯವರೂ ಜೂನ್‌ನಲ್ಲಿ 1 ಲಕ್ಷ 80 ಸಾವಿರಕ್ಕೆ ಒಂದು ರೂಪಾಯಿ ಕಡಿಮೆಯಾಗದು ಎಂದಿದ್ದವರು, ಆಗಸ್ಟ್‌ನಲ್ಲಿ ಯಂತ್ರದ ಬಾಡಿಗೆ ಕಟ್ಟುವ ದಿನ ಬಂದಾಗ ತಾವೇ ಕರೆ ಮಾಡಿ, “ಆ ಪಾಲಿನ ಮಾತು ಇನ್ನೂ ಐತೇನ್ರಿ?” ಎಂದು ಕೇಳಿದರು.