ಸಿಮ್ ಉಳಿಸೋಕೆ ಪಕ್ಕದ ಟ್ರ್ಯಾಕರ್ ನಂಬಿಕೊಳ್ಳಬೇಡಿ

ಮೈಸೂರಲ್ಲಿ 40 ಬಾಡಿಗೆ ಸೈಕಲ್, ಎಲ್ಲಿದೆ ಅಂತ ತಿಳಿಸೋಕೆ ಒಂದೊಂದಕ್ಕೂ ಟ್ರ್ಯಾಕರ್, ಸಿಮ್ ಐದಕ್ಕೆ ಮಾತ್ರ. ಉಳಿದವು ಹತ್ತಿರ ಸಿಕ್ಕ ಸೈಕಲ್‌ಗೆ ಡೇಟಾ ದಾಟಿಸಿದರೆ ಆಗುತ್ತಾ, ಬ್ಲೂಟೂತ್ ವಾಸಿನಾ ಲೋರಾ (ಕಮ್ಮಿ ಬ್ಯಾಟರಿಯಲ್ಲಿ ದೂರ ಮುಟ್ಟುವ ರೇಡಿಯೋ) ವಾಸಿನಾ ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕಿಕೊಂಡು ನಾನು ಮಂಡ್ಯ ಕಡೆ ಕಬ್ಬಿನ ಟ್ರ್ಯಾಕ್ಟರ್‌ಗಳಿಗೆ ಟ್ರ್ಯಾಕರ್ ಕೂರಿಸಿದ್ದೆ.

ಗದ್ದೆಯಲ್ಲಿ ಲೋಡ್ ಆದಾಗ ಒಂದು, ಕಾರ್ಖಾನೆ ಯಾರ್ಡ್ ಸೇರಿದಾಗ ಒಂದು, ಹೀಗೆ ಸಮಯ ಮತ್ತು ಜಾಗ ದಾಖಲಾಗಬೇಕಿತ್ತು. ಆ ದಾಖಲೆ ನೋಡಿಕೊಂಡೇ ಗುತ್ತಿಗೆದಾರರು ಟ್ರ್ಯಾಕ್ಟರ್ ಮಾಲೀಕರಿಗೆ ಬಾಡಿಗೆ ಕೊಡುತ್ತಿದ್ದರು. ಮೊದಲು ಬ್ಲೂಟೂತ್ ಹಾಕಿದೆ. ಹಸಿ ಕಬ್ಬು ಅಂದರೆ ಮುಕ್ಕಾಲು ಪಾಲು ನೀರೇ, 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ. ನಡುವೆ ಒಂದು ತುಂಬಿದ ಟ್ರೇಲರ್ ಬಂದರೆ ಸಂಪರ್ಕ ಸತ್ತ ಹಾಗೆ. ಆಮೇಲೆ ಲೋರಾಗೆ ಬದಲಾಯಿಸಿದೆ. ನಮ್ಮಲ್ಲಿ 865ರಿಂದ 868 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ. ದೂರದ ತೊಂದರೆ ತೀರಿತು.

ಮುಳುಗಿಸಿದ್ದು ಬೇರೆಯೇ. ನನ್ನ ಕೋಡ್ ಹೀಗಿತ್ತು: ಸಿಮ್ ಇಲ್ಲದ ಟ್ರ್ಯಾಕರ್ ತನ್ನ ದಾಖಲೆಯನ್ನು ಸಿಮ್ ಇರುವ ಪಕ್ಕದ ಟ್ರ್ಯಾಕರ್‌ಗೆ ಕಳಿಸುತ್ತದೆ. ಅದು 'ಸಿಕ್ಕಿತು' ಅಂದ ತಕ್ಷಣ ಇದು ತನ್ನ ಪ್ರತಿಯನ್ನು ಅಳಿಸಿಬಿಡುತ್ತದೆ. ಮೆಮೊರಿ ಚಿಕ್ಕದು, ಖಾಲಿ ಮಾಡೋಣ ಅನ್ನೋದು ನನ್ನ ಯೋಚನೆ. ಊರಿಗೆ ಹೊರಟ ಪಕ್ಕದ ಮನೆಯವರ ಕೈಗೆ ಕಾಗದ ಕೊಟ್ಟು, ಅವರು ಇಸಿದುಕೊಂಡಿದ್ದನ್ನೇ ತಲುಪಿತು ಅಂದುಕೊಂಡ ಹಾಗೆ. ಅವರು ಇನ್ನೂ ಬಸ್ಸೇ ಹತ್ತಿರಲಿಲ್ಲ. ಪಕ್ಕದವನಿಗೆ ಸಿಕ್ಕಿದ್ದು ಬೇರೆ, ಸರ್ವರ್‌ಗೆ ಸಿಕ್ಕಿದ್ದು ಬೇರೆ. ಆ ಎರಡು ರಸೀದಿಗಳನ್ನು ನಾನು ಒಂದೇ ಮಾಡಿದ್ದೆ.

ಇನ್ನೊಂದು ಕಡೆ, ಸಿಮ್ ಟ್ರ್ಯಾಕರ್ ಬೇರೆಯವರ ದಾಖಲೆಗಳನ್ನು, ಕರೆಂಟ್ ಹೋದರೆ ಅಳಿಸಿಹೋಗುವ ಮೆಮೊರಿಯಾದ ರ‍್ಯಾಮ್‌ನಲ್ಲಿ ಇಟ್ಟುಕೊಂಡು, ಗುಂಪಾಗಿ ಕಳಿಸೋಣ ಅಂತ ಕಾಯುತ್ತಿತ್ತು. ಕಾಯುವುದಕ್ಕೂ ಕಾರಣ ಇತ್ತು. ಪ್ರತಿ ಸಲ ಕಳಿಸಿದ ಮೇಲೂ ಮೊಬೈಲ್ ರೇಡಿಯೋ ತಕ್ಷಣ ಮಲಗುವುದಿಲ್ಲ, ಕೆಲವು ಸೆಕೆಂಡ್ ಸುಮ್ನೆ ಎಚ್ಚರವಾಗಿದ್ದು ಬ್ಯಾಟರಿ ತಿನ್ನುತ್ತದೆ. ಗುಂಪಾಗಿ ಕಳಿಸಿದರೆ ಅದು ಉಳಿಯುತ್ತದೆ. ಆದರೆ ಯಾರ್ಡ್‌ನಲ್ಲಿ ರಾತ್ರಿಯೆಲ್ಲ ಸಾಲು ನಿಲ್ಲುತ್ತದೆ, ಡ್ರೈವರ್‌ಗಳು ಬ್ಯಾಟರಿ ಟರ್ಮಿನಲ್ ಕಿತ್ತಿಟ್ಟು ಮಲಗುತ್ತಾರೆ. ನನ್ನ ಸಿಮ್ ಟ್ರ್ಯಾಕರ್ ಓಡುತ್ತಿದ್ದದ್ದು ಟ್ರ್ಯಾಕ್ಟರ್ ಬ್ಯಾಟರಿಯಲ್ಲೇ. ರ‍್ಯಾಮ್ ಖಾಲಿ. ಕಳಿಸಿದವರ ಬಳಿಯೂ ಪ್ರತಿ ಇಲ್ಲ. ಯಾರ್ಡ್ ತುಂಬಿದಷ್ಟೂ ಎಲ್ಲರ ದಾಖಲೆ ಒಂದೇ ಡಬ್ಬಿಗೆ ಸೇರುತ್ತಿತ್ತು, ಹಾಗಾಗಿ ಒಂದು ಟರ್ಮಿನಲ್ ಕಿತ್ತರೆ ಎಷ್ಟೋ ಜನರ ಟ್ರಿಪ್ ಮಾಯ. ಬಾಡಿಗೆ ದಿನ ಜಗಳ ಆಯಿತು. ಕಳೆದುಹೋದ ಟ್ರಿಪ್‌ಗಳ ದುಡ್ಡನ್ನು ನಾನೇ ಕಟ್ಟಿಕೊಟ್ಟೆ. ಉಳಿಸಿದ ಸಿಮ್ ಬಾಡಿಗೆಗಿಂತ ಅದು ಎಷ್ಟೋ ಜಾಸ್ತಿ.

ಸರಿ ಮಾಡಿದ್ದು ಹೀಗೆ. ಸರ್ವರ್‌ನಿಂದಲೇ ರಸೀದಿ ವಾಪಸ್ ಬರುವವರೆಗೆ ಯಾರೂ ಅಳಿಸುವಂತಿಲ್ಲ. ಪಡೆದವರು ಮೊದಲು, ಕರೆಂಟ್ ಹೋದರೂ ಉಳಿಯುವ ಮೆಮೊರಿಯಾದ ಫ್ಲ್ಯಾಶ್‌ಗೆ ಬರೆದು ಆಮೇಲೆ 'ಸಿಕ್ಕಿತು' ಅನ್ನಬೇಕು. ಹೀಗೆ ಮಾಡಿದಾಗ ಒಂದೇ ದಾಖಲೆ ಎರಡು ಮೂರು ದಾರಿಯಲ್ಲಿ ಬರುತ್ತದೆ. ಟ್ರ್ಯಾಕರ್ ನಂಬರ್ ಜೊತೆ ದಾಖಲೆಯ ಕ್ರಮಸಂಖ್ಯೆ ಇಟ್ಟರೆ ಸರ್ವರ್ ನಕಲುಗಳನ್ನು ಬಿಸಾಡುತ್ತದೆ.

ಈಗ ನಿಮ್ಮ ಸೈಕಲ್. ಬ್ಲೂಟೂತಾ ಲೋರಾನಾ ಅನ್ನೋ ಪ್ರಶ್ನೆಯೇ ಬೇಡ ಅನ್ನೋದು ನನ್ನ ಅಭಿಪ್ರಾಯ. ನಿಮಗೆ ತುರ್ತಾಗಿ ಬೇಕಾಗುವುದು ಕಳವಾದ ಸೈಕಲ್, ಇಲ್ಲವೇ ಯಾರೋ ಚಾಮುಂಡಿ ಬೆಟ್ಟದ ಹಿಂಬದಿಯಲ್ಲಿ ಬಿಟ್ಟುಹೋದ ಸೈಕಲ್. ಅದರ ಪಕ್ಕದಲ್ಲಿ ಇನ್ನೊಂದು ಸೈಕಲ್ ಇರುವುದಿಲ್ಲ ಅಲ್ವಾ? ಅರಮನೆ ಮುಂದೆ ಹತ್ತು ಒಟ್ಟಿಗೆ ನಿಂತಾಗ ಸೊಗಸಾಗಿ ಓಡುವ ಏರ್ಪಾಡು, ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಕೀನ್ಯಾದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಜೀಬ್ರಾಗಳ ಕೊರಳಿಗೆ ಇಂಥ ಟ್ರ್ಯಾಕರ್ ಕಟ್ಟಿದ್ದರು. ಒಂದರ ಡೇಟಾ ಇನ್ನೊಂದರಲ್ಲಿ ಸೇರಿ, ಕೊನೆಗೆ ಸಂಶೋಧಕರ ಜೀಪಿಗೆ ಇಳಿಯುವ ಏರ್ಪಾಡು. ಅಲ್ಲಿ ಟವರ್ ನೆಚ್ಚುವ ಹಾಗಿರಲಿಲ್ಲ, ಜೀಬ್ರಾ ಗುಂಪಾಗಿ ತಿರುಗುತ್ತದೆ, ಡೇಟಾ ತಡವಾದರೂ ನಷ್ಟ ಇಲ್ಲ. ಮೈಸೂರಲ್ಲಿ ಈ ಮೂರೂ ಉಲ್ಟಾ.

ಬ್ಯಾಟರಿಯೂ ಉಳಿಯುತ್ತೆ ಅಂದಿದ್ದೀರಿ. ಪಕ್ಕದವರ ಮಾತು ಕೇಳಿಸಿಕೊಳ್ಳಲು ರೇಡಿಯೋ ಎದ್ದಿರಬೇಕು. SX1276 ಥರದ ಲೋರಾ ಚಿಪ್ ಸುಮ್ನೆ ಕೇಳುತ್ತಾ ಕೂತರೂ ಸುಮಾರು 11 ಮಿಲಿಆಂಪ್ ಎಳೆಯುತ್ತದೆ. ದಿನಕ್ಕೆ 260 ಮಿಲಿಆಂಪ್ ಅವರ್ ಮೇಲಾಯಿತು. ಇಷ್ಟು ಹೊತ್ತಿಗೆ ಮಾತ್ರ ಏಳಿ ಅಂತ ಗಡಿಯಾರ ಕೂಡಿಸಬಹುದು, ಆದರೆ ಓಡಾಡುವ ಸೈಕಲ್ ಎರಡು ಎದುರಾಗುವುದು ಆ ಗಡಿಯಾರ ನೋಡಿಕೊಂಡಲ್ಲ.

ಎಲ್ಲಕ್ಕೂ ಸಿಮ್ ಹಾಕಿ. 13 ಅಂಕಿಯ ಎಂಟುಎಂ (ಯಂತ್ರಗಳಿಗೆ ಅಂತಲೇ ಇರುವ) ಸಿಮ್ ಕೇಳಿ, ಫೋನ್ ಪ್ಲಾನ್ ಬೇಡ. ಜಾಗದ ದಾಖಲೆ ಅಂದರೆ ಇಪ್ಪತ್ತು ಮೂವತ್ತು ಬೈಟ್, ಡೇಟಾ ಖರ್ಚು ಏನೂ ಅಲ್ಲ. ಸವಾರಿಯ ಉದ್ದ, ಬ್ರೇಕ್, ಬ್ಯಾಟರಿ ಸ್ಥಿತಿ ಇಂಥ ಅವಸರವಿಲ್ಲದ ಡೇಟಾ ಬೇಕಿದ್ದರೆ ಸ್ಟ್ಯಾಂಡ್‌ನಲ್ಲಿ ಡೇಟಾ ಪಡೆದು ಸರ್ವರ್‌ಗೆ ಕಳಿಸುವ ಒಂದು ಗೇಟ್‌ವೇ ಇಟ್ಟು, ಸೈಕಲ್ ನಿಂತಾಗ ಬ್ಲೂಟೂತ್‌ನಲ್ಲಿ ಇಳಿಸಿಕೊಳ್ಳಿ. ಒಂದರ ಡೇಟಾ ಇನ್ನೊಂದಕ್ಕೆ ದಾಟಿಸೋದು ಅಷ್ಟಕ್ಕೇ ಸಾಕು. ಆ ಗೇಟ್‌ವೇ ಡೇಟಾ ತೆಗೆದುಕೊಳ್ಳುವಾಗ ನಡುವೆ ಪ್ಲಗ್ ಕಿತ್ತು ನೋಡಿ. ಒಂದು ದಾಖಲೆ ಕಮ್ಮಿ ಬಂದರೂ ರಸ್ತೆಗೆ ಇಳಿಸಬೇಡಿ. ಇಷ್ಟಾದ ಮೇಲೂ ಸಿಮ್ ಖರ್ಚೇ ಭಾರ ಅನ್ನಿಸಿದರೆ ತಿಂಗಳ ಲೆಕ್ಕವನ್ನು ಇಲ್ಲೇ ಹಾಕಿ, ನೋಡೋಣ.