ಅಣ್ಣನಿಲ್ಲದ ಡಿಸೆಂಬರ್: ನಗಬಹುದೇ, ಕುಡಿಯಬಹುದೇ?

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಪೂರ್ತಿಯಾಗಿ ಪ್ರಕಟಿಸಬಾರದೆಂದು ನೀವು ಕೋರಿರುವುದರಿಂದ, ಉಳಿದ ಓದುಗರಿಗೆ ವಿಷಯ ತಿಳಿಯುವಷ್ಟನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಕಳೆದ ಏಪ್ರಿಲ್‌ನಲ್ಲಿ ನಿಮ್ಮ ಅಣ್ಣ ತೀರಿಕೊಂಡರು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ಚಳಿಗಾಲದ ರಜೆಯಲ್ಲಿ ಇಡೀ ಕುಟುಂಬವನ್ನು ಒಂದೆಡೆ ಸೇರಿಸುತ್ತಿದ್ದವರು ಅವರು. ದಾಲ್ಚಿನ್ನಿ, ಲವಂಗ, ಕಿತ್ತಳೆ ಸಿಪ್ಪೆ ಹಾಕಿ ಕೆಂಪು ವೈನನ್ನು ಬಿಸಿಮಾಡಿ ಎಲ್ಲರಿಗೂ ಹಂಚುತ್ತಿದ್ದವರೂ, ಹಂಚುವಾಗ ಪ್ರತಿ ವರ್ಷ ಅದೇ ಹಳಸಿದ ಜೋಕನ್ನು ಹೇಳುತ್ತಿದ್ದವರೂ ಅವರೇ. ಈ ಸಲವೂ ಅದೇ ಪಾನೀಯ ಮಾಡಿ, ಅವರ ತಮಾಷೆಗಳನ್ನು ನೆನೆದು ನಗುತ್ತ ರಜೆ ಕಳೆಯೋಣವೆಂದು ಕಿರಿಯರು ಹೇಳಿದಾಗ, ಮನೆಯ ಹಿರಿಯರೊಬ್ಬರು ‘ಕಣ್ಣೀರು ಆರುವ ಮೊದಲೇ ನಗುವೇ?’ ಎಂದು ಗದರಿದ್ದಾರೆ. ಹಾಗೆ ನಗುವುದು ಅಣ್ಣನಿಗೆ ಬಗೆಯುವ ದ್ರೋಹವೇ ಎಂಬುದು ನಿಮ್ಮ ಪ್ರಶ್ನೆ. ಇದರ ನಡುವೆ, ಯಾವ ಪ್ರಶ್ನೆಯನ್ನೂ ಕೇಳದೆ, ‘ಈಚೆಗೆ ಎರಡು ಗ್ಲಾಸ್ ಆದ ಮೇಲೆ ಮಾತ್ರ ನನಗೆ ನಗು ಬರುತ್ತದೆ’ ಎಂದು ಬರೆದು ಮುಂದೆ ಹೋಗಿದ್ದೀರಿ. ನನ್ನ ಉತ್ತರದ ಹೆಚ್ಚಿನ ಭಾಗ ಆ ಒಂದು ಸಾಲಿಗೇ ಸಲ್ಲುತ್ತದೆ.

ಮೊದಲು ನಗುವಿನ ಮಾತು. ಆ ಹಿರಿಯರ ಗದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದಕ್ಕೆ ಬಹಳ ಹಳೆಯ ಬೆಂಬಲವಿದೆ. ಕಾವ್ಯ ನಮ್ಮಲ್ಲಿ ಹುಟ್ಟಿಸುವ ಭಾವಾನುಭವಗಳಾದ ರಸಗಳಲ್ಲಿ ಯಾವುದಕ್ಕೆ ಯಾವುದು ಹೊಂದುತ್ತದೆ, ಯಾವುದಕ್ಕೆ ಯಾವುದು ವೈರಿ ಎಂದು ವಿಚಾರ ಮಾಡಿದ ಆಲಂಕಾರಿಕರು, ಎಂದರೆ ಹಳೆಯ ಕಾವ್ಯಶಾಸ್ತ್ರಜ್ಞರು, ಹಾಸ್ಯವನ್ನೂ ಶೋಕದ ರಸವಾದ ಕರುಣವನ್ನೂ ಪರಸ್ಪರ ವಿರೋಧಿಗಳೆಂದೇ ಎಣಿಸಿದರು. ಕಾವ್ಯದ ಮಟ್ಟಿಗೆ ಅದು ಒಪ್ಪತಕ್ಕ ಮಾತು, ಏಕೆಂದರೆ ಶೋಕದ ಸನ್ನಿವೇಶದೊಳಗೆ ತೂರಿಬಂದ ವಿದೂಷಕ ಎರಡು ರಸಗಳನ್ನೂ ಕೆಡಿಸುತ್ತಾನೆ. ಆದರೆ ಸಾವಿನ ಮನೆಯಲ್ಲಿ ಕುಳಿತವರ ಅನುಭವ ಬೇರೆ. ಅಂತ್ಯಸಂಸ್ಕಾರ ಮುಗಿಸಿ ಬಂದ ಸಂಜೆಯೇ ಯಾರೋ ಒಬ್ಬರು ತೀರಿಕೊಂಡವರ ಜಿಪುಣತನದ ಪ್ರಸಂಗವೊಂದನ್ನು ಎತ್ತುತ್ತಾರೆ. ಅಷ್ಟು ಹೊತ್ತು ಬಿಕ್ಕುತ್ತಿದ್ದವರೇ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ನಕ್ಕದ್ದಕ್ಕೆ ನಾಚಿ ಮತ್ತೆ ಅಳುತ್ತಾರೆ. ಅಲ್ಲಿ ಒಂದು ಭಾವ ಇನ್ನೊಂದನ್ನು ಓಡಿಸುವುದಿಲ್ಲ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಮನಃಶಾಸ್ತ್ರಜ್ಞರಾದ ಡಾಕರ್ ಕೆಲ್ಟ್ನರ್ ಮತ್ತು ಜಾರ್ಜ್ ಬೊನಾನೊ, ಸುಮಾರು ಆರು ತಿಂಗಳ ಹಿಂದೆ ಬಾಳಸಂಗಾತಿಯನ್ನು ಕಳೆದುಕೊಂಡಿದ್ದವರನ್ನು ಮಾತಿಗೆಳೆದು, ಅಗಲಿದವರ ಬಗ್ಗೆ ಹೇಳುವಾಗ ಅವರ ಮುಖದಲ್ಲಿ ಮೂಡುವ ಭಾವಗಳನ್ನು ಪರಿಶೀಲಿಸಿ, 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ತುಟಿಯಷ್ಟೇ ಅಲ್ಲದೆ ಕಣ್ಣಿನ ಸುತ್ತಲಿನ ಸ್ನಾಯುವೂ ಸಂಕುಚಿಸುವ ನಿಜವಾದ ನಗು ಯಾರಲ್ಲಿ ಕಂಡಿತೋ ಅವರಲ್ಲಿ ಕೋಪ ಕಡಿಮೆಯಿತ್ತು, ಸುತ್ತಲಿನವರೊಡನೆ ಸಂಬಂಧ ಚೆನ್ನಾಗಿತ್ತು; ಅವರನ್ನು ಗಮನಿಸಿದ ಅಪರಿಚಿತರಲ್ಲೂ ಅವರ ಬಗ್ಗೆ ಒಳ್ಳೆಯ ಭಾವನೆಯೇ ಹುಟ್ಟಿತು. ನಗುವೇ ಅವರನ್ನು ಗುಣಪಡಿಸಿತೆಂದು ಇದರಿಂದ ಸಾಬೀತಾಗುವುದಿಲ್ಲ. ಮೊದಲೇ ಒಂದಿಷ್ಟು ಚೇತರಿಸಿಕೊಂಡಿದ್ದವರಿಗೆ ನಗು ಸುಲಭವಾಗಿ ಬಂದಿರಬಹುದು. ಆದರೆ ನಕ್ಕವರ ಪ್ರೀತಿ ಕಡಿಮೆಯೆಂಬ ಆರೋಪಕ್ಕೆ ಮಾತ್ರ ಇಲ್ಲಿ ಎಳ್ಳಷ್ಟೂ ಆಧಾರ ಸಿಗುವುದಿಲ್ಲ.

ಇದಕ್ಕೆ ಪೂರಕವಾದ ಇನ್ನೊಂದು ವಿಚಾರವಿದೆ. ನೆದರ್‌ಲ್ಯಾಂಡ್ಸ್‌ನ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಖುಟ್ 1999ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ದುಃಖದಲ್ಲಿರುವವರು ಕಳೆದುಕೊಂಡದ್ದರ ಕಡೆಗೊಮ್ಮೆ, ಮುಂದಿನ ಬದುಕಿನ ಕಡೆಗೊಮ್ಮೆ ಓಲಾಡುತ್ತಲೇ ಇರುತ್ತಾರೆ. ಈ ಓಲಾಟವೇ ಆರೋಗ್ಯದ ಲಕ್ಷಣ, ಎರಡರಲ್ಲಿ ಒಂದೇ ಕಡೆ ಕಚ್ಚಿಕೊಂಡು ನಿಲ್ಲುವುದು ಅಲ್ಲ. ವರ್ಷಾಂತ್ಯದ ರಜೆಯ ತೊಡಕು ಇಲ್ಲಿಯೇ ಇದೆ. ಉಳಿದ ದಿನಗಳಲ್ಲಿ ಅಳು ಯಾವಾಗ ಬರಬೇಕೋ ಆಗ ಬರುತ್ತದೆ, ನಗು ಯಾವಾಗ ಬರಬೇಕೋ ಆಗ ಬರುತ್ತದೆ. ರಜೆಯಾದರೋ ಇಂಥ ದಿನ, ಇಂಥ ಗಂಟೆಗೆ ನೀವು ಸಂತೋಷವಾಗಿರಬೇಕೆಂದು ಮೊದಲೇ ಗೊತ್ತುಮಾಡಿರುತ್ತದೆ. ಮೇಲಾಗಿ ಹಬ್ಬವೆಂದರೆ ಪುನರಾವರ್ತನೆ. ಅದೇ ಮೇಜು, ಅದೇ ದೀಪಗಳು, ಅದೇ ಹಾಡುಗಳು ಮರಳಿ ಬಂದಾಗ, ಮರಳಿ ಬಾರದ ಒಬ್ಬರ ಜಾಗ ಸಾಮಾನ್ಯ ದಿನಗಳಿಗಿಂತ ಎಷ್ಟೋ ಪಾಲು ಎದ್ದು ಕಾಣುತ್ತದೆ. ಆದ್ದರಿಂದ ನಗಲು ಅನುಮತಿಯಿದೆಯೇ ಎಂದು ಕೇಳಿದ ನಿಮಗೆ ನನ್ನ ಉತ್ತರ: ಖಂಡಿತ ಇದೆ, ಆದರೆ ನಗಲೇಬೇಕೆಂಬ ಕಟ್ಟಳೆಯನ್ನು ಮಾತ್ರ ಮಾಡಿಕೊಳ್ಳಬೇಡಿ. ಕಿರಿಯರ ಉತ್ಸಾಹದಲ್ಲಿ ಆ ಕಟ್ಟಳೆಯ ವಾಸನೆ ನನಗೆ ಸ್ವಲ್ಪ ಬಡಿಯಿತು.

ಯಾರು ನಗಿಸಬೇಕು ಎಂಬುದೂ ಸಣ್ಣ ವಿಷಯವಲ್ಲ. ಸೋಮವಾರದ ದಿನ ಗಲ್ಲಿಗೇರಿಸಲು ಕರೆದೊಯ್ಯುತ್ತಿದ್ದ ಕೈದಿಯೊಬ್ಬ, ‘ವಾರದ ಆರಂಭವೇನೋ ಭರ್ಜರಿಯಾಗಿದೆ’ ಎಂದನಂತೆ. ಸಿಗ್ಮಂಡ್ ಫ್ರಾಯ್ಡ್ 1927ರಲ್ಲಿ ಹಾಸ್ಯದ ಬಗ್ಗೆ ಬರೆಯುವಾಗ ಈ ಪ್ರಸಂಗವನ್ನು ಉದಾಹರಿಸಿದ್ದಾರೆ. ಅದೇ ಮಾತನ್ನು ಗಲ್ಲಿಗೇರಿಸುವವನು ಆಡಿದ್ದರೆ? ಶಬ್ದಗಳು ಒಂದಿಷ್ಟೂ ಬದಲಾಗದಿದ್ದರೂ ಅದು ಹಾಸ್ಯವಾಗಿ ಉಳಿಯುತ್ತಿರಲಿಲ್ಲ. ಸಾವಿನ ಎದುರಿನ ತಮಾಷೆ, ನಷ್ಟವನ್ನು ಹೆಚ್ಚು ಅನುಭವಿಸಿದವರ ಬಾಯಿಂದಲೇ ಹೊರಡಬೇಕು. ದೂರದವರು ಅವರ ಹಿಂದೆ ನಗಬಹುದು, ಮುಂದೆ ಅಲ್ಲ. ನಿಮ್ಮ ಅಣ್ಣ ತಮ್ಮ ಬಗ್ಗೆಯೇ ಹೇಳಿಕೊಳ್ಳುತ್ತಿದ್ದ ಜೋಕುಗಳಿಗೆ, ಅವರು ಎಡವಿದ, ಮರೆತ, ಬಿಡದೆ ವಾದಿಸಿದ ಪ್ರಸಂಗಗಳಿಗೆ ಆ ಸಂಜೆ ಧಾರಾಳವಾಗಿ ಜಾಗವಿರಲಿ. ಮಾತು ದುಃಖದ ಕಡೆ ತಿರುಗಿತೆಂದು ಗಾಬರಿಯಾಗಿ, ಅದನ್ನು ಮುಚ್ಚಲು ಯಾರೋ ಮೊಬೈಲ್ ತೆಗೆದು ಓದುವ ಚಟಾಕಿಗಳಿಗೆ ಬೇಡ. ಮೊದಲನೆಯದರಲ್ಲಿ ಅಣ್ಣ ಇರುತ್ತಾರೆ. ಎರಡನೆಯದು ಅವರ ಹೆಸರು ಬಾರದಂತೆ ನೋಡಿಕೊಳ್ಳುವ ಉಪಾಯ.

ಈಗ ಆ ಎರಡು ಗ್ಲಾಸುಗಳ ವಿಷಯ. ಮದ್ಯ ಒಳಗೆ ಹೋದ ಕೂಡಲೇ ಎದೆ ಹಗುರವಾಗುವುದು ಭ್ರಮೆಯಲ್ಲ. ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಅದು ಹೆಚ್ಚಿಸುತ್ತದೆ, ಉದ್ರೇಕಿಸುವ ಗ್ಲುಟಮೇಟ್‌ನ ಪ್ರಭಾವವನ್ನು ಕುಗ್ಗಿಸುತ್ತದೆ. ಹೀಗಾಗಿ ಆತಂಕ ಸಡಿಲಗೊಂಡು ನಾಲಗೆಯೂ ನಗುವೂ ಬಿಚ್ಚಿಕೊಳ್ಳುತ್ತವೆ. ಆದರೆ ಮಿದುಳು ತನ್ನ ಸಮತೋಲನಕ್ಕೆ ಮರಳಲು ಹೊರಟಾಗ ಆ ಆತಂಕ ಬಡ್ಡಿಸಮೇತ ಹಿಂದಿರುಗುತ್ತದೆ. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆಯಾದರೂ ರಾತ್ರಿಯ ಎರಡನೆಯ ಅರ್ಧದ ನಿದ್ದೆಯನ್ನು ತುಂಡುತುಂಡು ಮಾಡುತ್ತದೆ, ಕನಸು ಕಾಣುವ ಹಂತವನ್ನು ಹತ್ತಿಕ್ಕುತ್ತದೆ. ಮೊದಲೇ ನಿದ್ದೆಗೆಟ್ಟಿರುವ ದುಃಖಿತರಿಗೆ ಬೆಳಗಿನ ಜಾವ ಮೂರು ಗಂಟೆಗೆ ಕಣ್ಣು ಬಿಡುವುದೆಂದರೆ ಏನೆಂದು ನಾನು ವಿವರಿಸಬೇಕಿಲ್ಲ. ರಜೆಯ ದಿನಗಳಲ್ಲಿ ಮಿತಿಮೀರಿ ಕುಡಿದವರ ಎದೆಬಡಿತ ಲಯ ತಪ್ಪುವುದನ್ನು ಗಮನಿಸಿದ ಅಮೆರಿಕದ ವೈದ್ಯರು 1978ರಲ್ಲಿ ಅದಕ್ಕೆ ‘ಹಾಲಿಡೇ ಹಾರ್ಟ್’ ಎಂದೇ ಹೆಸರಿಟ್ಟರು. ಆರೋಗ್ಯಕ್ಕೆ ಸಂಪೂರ್ಣ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದ್ದೂ ನಿಮಗೆ ಗೊತ್ತಿರಬಹುದು. ಇಷ್ಟಾದರೂ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ನಿಮ್ಮ ವಾಕ್ಯದಲ್ಲಿರುವ ‘ಮಾತ್ರ’. ಒಂದು ಗ್ಲಾಸ್ ಹಿಡಿದು ನಗುವುದಕ್ಕೂ, ಗ್ಲಾಸ್ ಇಲ್ಲದೆ ನಗಲಾಗದ ಸ್ಥಿತಿಗೂ ಬಹಳ ಅಂತರವಿದೆ; ಎರಡನೆಯದರಲ್ಲಿ ನಗುವ ಶಕ್ತಿ ನಿಮ್ಮ ಕೈಬಿಟ್ಟು ಬಾಟಲಿಯ ವಶಕ್ಕೆ ಹೋಗಿರುತ್ತದೆ.

ಹಾಗಾದರೆ ಅಣ್ಣನ ಬಿಸಿ ವೈನ್ ಬೇಡವೇ? ಬೇಡವೆಂದು ಹೇಳಲು ನನಗೆ ಮನಸ್ಸಿಲ್ಲ. ಅಗಲಿದವರ ಹೆಸರಿನಲ್ಲಿ ಪಾನೀಯವನ್ನು ಅರ್ಪಿಸುವುದು ಮನುಷ್ಯರ ಅತಿ ಹಳೆಯ ಪದ್ಧತಿಗಳಲ್ಲೊಂದು. ಪ್ರಾಚೀನ ಗ್ರೀಕರು ಸಮಾಧಿಗಳ ಮೇಲೆ ದ್ರಾಕ್ಷಾರಸ, ಹಾಲು, ಜೇನುತುಪ್ಪ ಎರೆಯುತ್ತಿದ್ದರು. ಆದರೆ ಆ ಪಾತ್ರೆಯಿಂದ ನಿಮಗೆ ಬೇಕಾಗಿರುವುದು ಏನೆಂದು ಒಮ್ಮೆ ಯೋಚಿಸಿ. ಅದು ಅಮಲಲ್ಲ, ವಾಸನೆ. ಉಳಿದ ಇಂದ್ರಿಯಗಳ ಸಂದೇಶಗಳು ಮಿದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಹೋಗಬೇಕು. ವಾಸನೆಗೆ ಆ ಸುತ್ತುದಾರಿಯಿಲ್ಲ, ಭಾವನೆಗೂ ನೆನಪಿಗೂ ಸಂಬಂಧಿಸಿದ ಭಾಗಗಳನ್ನು ಅದು ಹೆಚ್ಚು ನೇರವಾಗಿ ಮುಟ್ಟುತ್ತದೆ. ಲವಂಗದ ಯೂಜಿನಾಲ್, ದಾಲ್ಚಿನ್ನಿಯ ಸಿನಮಾಲ್ಡಿಹೈಡ್, ಕಿತ್ತಳೆ ಸಿಪ್ಪೆಯ ಲಿಮೊನೀನ್, ಇವೇ ನಿಮ್ಮ ಅಣ್ಣನ ಡಿಸೆಂಬರ್. ಇವುಗಳಲ್ಲಿ ಯಾವುದೂ ಮದ್ಯದಿಂದ ಬಂದದ್ದಲ್ಲ. ಆದ್ದರಿಂದ ಎರಡು ಪಾತ್ರೆ ಇಡಿ: ಒಂದರಲ್ಲಿ ವೈನ್, ಇನ್ನೊಂದರಲ್ಲಿ ಕಪ್ಪು ದ್ರಾಕ್ಷಿಯ ರಸ, ಮಸಾಲೆ ಎರಡಕ್ಕೂ ಒಂದೇ, ಕಪ್ಪುಗಳೂ ಒಂದೇ ಬಗೆಯವು ಇರಲಿ. ಯಾರ ಕಪ್ಪಿನಲ್ಲಿ ಏನಿದೆ ಎಂದು ಯಾರೂ ಕೇಳಬಾರದು. ಕುಡಿತ ಬಿಟ್ಟವರು, ಔಷಧ ತೆಗೆದುಕೊಳ್ಳುತ್ತಿರುವವರು, ಗರ್ಭಿಣಿಯರು, ಮಕ್ಕಳು ಎಲ್ಲರೂ ಒಂದೇ ಬಾರಿಗೆ ಕಪ್ಪೆತ್ತಿ ಅವರ ಹೆಸರು ಹೇಳುವಂತಾಗಬೇಕು.

ಬಿಸಿಮಾಡಿದರೆ ಮದ್ಯವೆಲ್ಲ ಆವಿಯಾಗಿ ಹೋಗುತ್ತದೆ, ಆದ್ದರಿಂದ ಯೋಚನೆಯಿಲ್ಲ ಎಂದು ನಿಮ್ಮ ಸೋದರತ್ತೆ ಹೇಳಿರುವುದು ಬಹಳ ಜನರ ನಂಬಿಕೆ, ಆದರೆ ಸರಿಯಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ, ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿದ ಅಡುಗೆಯಲ್ಲಿ ಸುಮಾರು 40 ಶೇಕಡಾ, ಒಂದು ಗಂಟೆ ಕುದಿಸಿದರೂ ಸುಮಾರು 25 ಶೇಕಡಾ ಮದ್ಯ ಉಳಿಯುತ್ತದೆ. ಬಿಸಿ ವೈನನ್ನಂತೂ ರುಚಿ ಕೆಡದಿರಲೆಂದು ಕುದಿಯಲು ಬಿಡುವುದೇ ಇಲ್ಲ. 12 ಶೇಕಡಾ ಮದ್ಯಾಂಶದ ವೈನಿನ 150 ಮಿಲಿಲೀಟರ್ ಗ್ಲಾಸಿನಲ್ಲಿ ಸುಮಾರು 14 ಗ್ರಾಂ ಶುದ್ಧ ಮದ್ಯವಿರುತ್ತದೆ. ಸಕ್ಕರೆ ಮತ್ತು ಬಿಸಿ ಸೇರಿ ಅದನ್ನು ಮರೆಸುವುದರಿಂದ ಮೂರನೆಯ ಕಪ್ಪು ಗೊತ್ತಾಗದಂತೆ ಖಾಲಿಯಾಗುತ್ತದೆ. ಚಳಿಗೆ ಒಳ್ಳೆಯದೆಂಬ ಮಾತೂ ಅರ್ಧಸತ್ಯವೇ: ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ ಬೆಚ್ಚಗೆನಿಸುತ್ತದೆ, ಮೈಯೊಳಗಿನ ಶಾಖ ಮಾತ್ರ ಹೊರಗೆ ಹೋಗುತ್ತಿರುತ್ತದೆ. ಮೊಟ್ಟೆ, ಹಾಲು, ರಮ್ ಸೇರಿದ ಎಗ್‌ನಾಗ್ ಮಾಡುವ ಯೋಚನೆಯೂ ಕಿರಿಯರಿಗಿದೆಯಂತೆ. ಹಸಿ ಮೊಟ್ಟೆ ಬಳಸದೆ, ಹಾಲಿನೊಡನೆ 71 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಆರಿಸಲಿ. ರಮ್ ಇಲ್ಲದೆಯೂ ಅದು ಚೆನ್ನಾಗಿರುತ್ತದೆ. ಈ ಸಾಧು ಪಾನೀಯದ ನೆಪದಲ್ಲಿ 1826ರ ಕ್ರಿಸ್‌ಮಸ್ ಮುನ್ನಾ ರಾತ್ರಿ ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ವಿದ್ಯಾರ್ಥಿಗಳು ಕದ್ದು ತಂದ ವಿಸ್ಕಿ ಬೆರೆಸಿ ಕುಡಿದು, ಕಿಟಕಿಗಳನ್ನು ಒಡೆದು ದಂಗೆಯೆದ್ದು, ಹಲವರು ಸೈನಿಕ ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು. ನಿಮ್ಮ ಅಣ್ಣನಂಥವರಿಗೆ ಈ ಕಥೆ ಹಿಡಿಸುತ್ತಿತ್ತೆಂದು ಊಹಿಸಿ ಇಲ್ಲಿ ಸೇರಿಸಿದ್ದೇನೆ.

ಸಂಜೆಯ ಕ್ರಮದ ಬಗ್ಗೆ ನನ್ನದೊಂದು ಸಲಹೆ. ಮೊದಲು ನಗು, ಆಮೇಲೆ ಕಪ್ಪು. ಅಣ್ಣನ ಆ ಹಳಸಿದ ಜೋಕನ್ನು ಯಾರೂ ಇನ್ನೂ ಏನನ್ನೂ ಕುಡಿಯದ ಹೊತ್ತಿನಲ್ಲಿ, ಬೆಳಕಿರುವಾಗಲೇ, ನೀವೇ ಹೇಳಿ. ಗಂಟಲು ಕಟ್ಟಿ ಅರ್ಧಕ್ಕೆ ನಿಂತರೆ ಉಳಿದರ್ಧ ಎಲ್ಲರಿಗೂ ಬಾಯಿಪಾಠ, ಅವರು ಮುಗಿಸುತ್ತಾರೆ. ಕೂಡಿ ನಕ್ಕಾಗ ನೋವು ತಾಳುವ ಶಕ್ತಿ ಹೆಚ್ಚುತ್ತದೆಂದು ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದ್ದಾರೆ. ಅವರು ಅಳೆದದ್ದು ಮೈಯ ನೋವನ್ನು, ಮನಸ್ಸಿನದನ್ನಲ್ಲ, ಆದರೂ ಒಬ್ಬರೇ ಕುಳಿತು ನಗುವುದಕ್ಕಿಂತ ಇದು ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬಿಸಿ ವೈನ್ ಒಂದೇ ಸುತ್ತು, ಊಟಕ್ಕೆ ಮುಂಚೆ; ಎಲ್ಲರೂ ಹೋದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ನೋಡುತ್ತ ನೀವೊಬ್ಬರೇ ಕೂರುವ ಪ್ರಮೇಯ ಬಾರದಂತೆ, ಅದನ್ನು ಚೆಲ್ಲುವ ಕೆಲಸವನ್ನು ಇನ್ನೊಬ್ಬರಿಗೆ ಮೊದಲೇ ವಹಿಸಿಬಿಡಿ.

ರಜೆಗೆ ಮುಂಚಿನ ಒಂದೆರಡು ವಾರ ಗ್ಲಾಸ್ ಮುಟ್ಟದೆ ನೋಡಿ. ಅದು ಕಷ್ಟವೆನಿಸಿದರೆ, ಅಥವಾ ನೀವು ನಿದ್ದೆಯ ಮಾತ್ರೆಯನ್ನೋ ಖಿನ್ನತೆಯ ಔಷಧವನ್ನೋ ತೆಗೆದುಕೊಳ್ಳುತ್ತಿದ್ದರೆ, ವೈದ್ಯರಿಗೆ ಮುಚ್ಚಿಡದೆ ಹೇಳಿ. ನಿದ್ದೆಯ ಮಾತ್ರೆಯ ಜೊತೆ ಮದ್ಯ ಸೇರಿದರೆ ಉಸಿರಾಟವೇ ಕುಗ್ಗಬಹುದು. ಪ್ರತಿದಿನ ಹೆಚ್ಚು ಕುಡಿಯುವವರು ಮಾತ್ರ ವೈದ್ಯರ ನೆರವಿಲ್ಲದೆ ಥಟ್ಟನೆ ನಿಲ್ಲಿಸಬಾರದು. ದುಃಖ ಕಾಯಿಲೆಯಲ್ಲ. ಆದರೆ ಅದರ ತೀವ್ರತೆ ಬಹುಕಾಲ ಒಂದಿಷ್ಟೂ ಇಳಿಯದೆ ದಿನದ ಬದುಕನ್ನೇ ನಿಲ್ಲಿಸಿದಾಗ ಚಿಕಿತ್ಸೆ ಬೇಕಾಗುತ್ತದೆಂದು ವೈದ್ಯಲೋಕ ಈಗ ಒಪ್ಪಿದೆ; ಅಂಥ ದೀರ್ಘಶೋಕವನ್ನು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಕನಿಷ್ಠ ಆರು ತಿಂಗಳ ಅವಧಿಯನ್ನೂ, ಅಮೆರಿಕದ ಮನೋವೈದ್ಯರ 2022ರ ಪರಿಷ್ಕೃತ ಕೈಪಿಡಿ ವಯಸ್ಕರಿಗೆ ಒಂದು ವರ್ಷವನ್ನೂ ಇಟ್ಟಿವೆ. ಬದುಕುವುದೇ ಬೇಡವೆನಿಸಿದರೆ ಮಾತ್ರ ಯಾವ ಅವಧಿಗೂ ಕಾಯದೆ ಆ ಕ್ಷಣವೇ ಯಾರನ್ನಾದರೂ ಕರೆಯಬೇಕು.

ಪತ್ರದ ಕೊನೆಗೆ, ನಿಮ್ಮ ಅತ್ತಿಗೆ ಈ ಕೂಟಕ್ಕೆ ಬರಲು ಒಪ್ಪುತ್ತಿಲ್ಲ, ಹೇಗೆ ಒಪ್ಪಿಸಲಿ ಎಂದು ಕೇಳಿದ್ದೀರಿ. ಒಪ್ಪಿಸಬೇಡಿ. ಅಣ್ಣನ ಜೋಕು ನಿಮಗೆ ವರ್ಷಕ್ಕೊಮ್ಮೆ ಕೇಳಿಸುತ್ತಿತ್ತು, ಅವರಿಗೆ ದಿನವೂ ಕೇಳಿಸುತ್ತಿತ್ತು. ಆದ್ದರಿಂದ ಅದು ನಿಂತುಹೋದದ್ದೂ ಅವರಿಗೆ ದಿನವೂ ಕೇಳಿಸುತ್ತದೆ. ಬಂದರೆ ಸಂತೋಷ, ಬಾರದಿದ್ದರೆ ಬೇಸರವಿಲ್ಲ, ಬಂದು ಹತ್ತು ನಿಮಿಷಕ್ಕೆ ಎದ್ದು ಹೋದರೂ ಯಾರೂ ಕಾರಣ ಕೇಳುವುದಿಲ್ಲ ಎಂದು ಮುಂಚೆಯೇ ಹೇಳಿ, ಮನೆಗೆ ಮರಳಿ ಬಿಡಲು ಅಂದು ಕುಡಿಯದ ಒಬ್ಬರನ್ನು ಗೊತ್ತುಮಾಡಿ. ಅವರು ಬಾರದಿದ್ದರೆ ಆ ರಾತ್ರಿ ನೀವೆಲ್ಲ ನಗುತ್ತಿರುವ ಫೋಟೊಗಳನ್ನು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಮರುದಿನ ಬೆಳಿಗ್ಗೆ ಒಬ್ಬರೇ ಹೋಗಿ ಬನ್ನಿ. ಹಿಂದಿನ ಸಂಜೆ ಯಾರು ಏನು ಹೇಳಿದರೆಂದು ಅವರಾಗಿಯೇ ಕೇಳಿದರೆ ಹೇಳಿ, ಕೇಳದಿದ್ದರೆ ಬೇರೆ ಮಾತಾಡಿ.