ಇಂಕು ಹರಡಿದರೆ ತಪ್ಪು ಸ್ಟ್ಯಾಂಪಿನದಲ್ಲ

ಕೈಯಲ್ಲೇ ಶುಭಾಶಯ ಪತ್ರ ಮಾಡುವವರ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಯುಗಾದಿ ಕಾರ್ಡಿಗೆಂದು ಮಾವಿನೆಲೆಯ ರಬ್ಬರ್ ಸ್ಟ್ಯಾಂಪ್ ತಂದೆ. ಆಫೀಸಿನ ನೇರಳೆ ಪ್ಯಾಡಿನಲ್ಲಿ ಅದ್ದಿ ಒತ್ತಿದರೆ ಎಲೆಯ ನರಗಳೆಲ್ಲ ಮುಚ್ಚಿಹೋಗುತ್ತವೆ. ಸ್ಟ್ಯಾಂಪೇ ಸರಿಯಿಲ್ಲವೆ?
– ಓದುಗರು, ಹಾಸನ

ಸ್ಟ್ಯಾಂಪ್ ಬಿಸಾಡಬೇಡಿ. ಆಫೀಸಿನ ಪ್ಯಾಡು ಬೇಗ ಒಣಗಬಾರದೆಂದು ಅದರ ಇಂಕಿಗೆ ಗ್ಲಿಸರಿನ್‌ನಂಥ ಪದಾರ್ಥ ಬೆರೆಸಿರುತ್ತಾರೆ. ಅರ್ಜಿಯ ಮೇಲಿನ ಮೊಹರಿಗೆ ಅದು ಸಾಕು. ಕಾರ್ಡಿನ ಮೇಲೆ ಮಾತ್ರ ಬಹಳ ಹೊತ್ತು ಹಸಿಯಾಗಿದ್ದು ಗೆರೆಯಾಚೆಗೂ ಹರಡುತ್ತದೆ. ಸಣ್ಣ ಗೆರೆಗಳಿಗೆ ಡೈ ಇಂಕ್ ಕೊಳ್ಳಿ. ಕಾಗದದೊಳಕ್ಕೆ ಇಳಿದು ಬೇಗ ಒಣಗುತ್ತದೆ. ಪಿಗ್ಮೆಂಟ್ ಇಂಕ್ ಕಾಗದದ ಮೇಲೇ ಕೂರುತ್ತದೆ, ಒಣಗಲು ಹೊತ್ತು ಬೇಕು. ಆದರೆ ಕಡುಗೆಂಪು ಅಥವಾ ಕಪ್ಪು ಕಾರ್ಡಿನ ಮೇಲೆ ಬಿಳಿ ಬಣ್ಣ ಎದ್ದು ಕಾಣಬೇಕಾದರೆ ಅದೇ ಆಗಬೇಕು.

ಸ್ಟ್ಯಾಂಪನ್ನು ಪ್ಯಾಡಿಗೆ ಗುದ್ದುವ ಅಭ್ಯಾಸವನ್ನೂ ಬಿಡಿ. ಸ್ಟ್ಯಾಂಪನ್ನು ಮೇಲ್ಮುಖವಾಗಿ ಹಿಡಿದು ಪ್ಯಾಡಿನಿಂದ ಅದರ ಮೇಲೆ ಹಗುರವಾಗಿ ತಟ್ಟಿ. ಬೆಳಕಿಗೆ ವಾರೆಯಾಗಿ ಹಿಡಿದು ನೋಡಿ: ಉಬ್ಬಿದ ಗೆರೆಗಳಷ್ಟೇ ಹೊಳೆಯಬೇಕು. ತಗ್ಗಿನಲ್ಲೂ ಹೊಳಪಿದ್ದರೆ ಇಂಕು ಹೆಚ್ಚಾಯಿತೆಂದೇ ಲೆಕ್ಕ. ರಫ್ ಕಾಗದದ ಮೇಲೆ ಒಮ್ಮೆ ಒತ್ತಿ ಇಳಿಸಿ. ಕಾರ್ಡಿನ ಮೇಲೆ ನೆಟ್ಟಗೆ ಒತ್ತಿ, ನೆಟ್ಟಗೇ ಎತ್ತಿ. ಚೆನ್ನಾಗಿ ಮೂಡಲೆಂದು ಆಚೀಚೆ ಅಲ್ಲಾಡಿಸಿದರೆ ಸ್ಟ್ಯಾಂಪಿನ ಅಂಚೂ ಮೂಡಿಬಿಡುತ್ತದೆ.

ದಪ್ಪ ಹಾಳೆ ಮಡಚಿದಾಗ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಏಕೆ?
– ಓದುಗರು, ಧಾರವಾಡ

ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಅವುಗಳಿಗೆ ಅಡ್ಡವಾಗಿ ಮಡಚಿದರೆ ನಾರು ಮುರಿಯುತ್ತದೆ. 250 ಜಿಎಸ್ಎಂನ (ಚದರ ಮೀಟರಿಗೆ 250 ಗ್ರಾಂ ತೂಗುವ) ಎ4 ಹಾಳೆಯನ್ನು ಕೈಯಲ್ಲಿ ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ; ಯಾವ ಕಡೆಗೆ ಸುಲಭವಾಗಿ ಸುರುಳಿಯಾಗುತ್ತದೋ ಮಡಿಕೆಯೂ ಆ ಕಡೆಗೇ ಬರಲಿ. ಅಂಗಡಿಯ ಎ4 ಹಾಳೆಗಳಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕಿರುತ್ತದೆ. ಅಂಥ ಹಾಳೆಯನ್ನು ಅಡ್ಡಕ್ಕೆ ಎರಡು ಮಾಡಿ, ಪ್ರತಿ ಅರ್ಧವನ್ನೂ ನಡುವೆ ಮಡಚಿದರೆ 105 × 148 ಮಿ.ಮೀ. ಕಾರ್ಡು ಬಿರುಕಿಲ್ಲದೆ ಬರುತ್ತದೆ. ಅದೇ ಹಾಳೆಯನ್ನು ಉದ್ದುದ್ದ ಸೀಳಿ ಮಡಚಿದರೂ ಅಳತೆ ಅಷ್ಟೇ, ಆದರೆ ಮಡಿಕೆ ನಾರಿಗೆ ಅಡ್ಡ ಬೀಳುತ್ತದೆ. ನಿಮ್ಮ ಕಾರ್ಡಿನಲ್ಲಿ ಆಗಿರುವುದು ಬಹುಶಃ ಇದೇ. ಮಡಚುವ ಮೊದಲು ಸ್ಕೇಲಿಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೆರೆ ಒತ್ತಿಕೊಳ್ಳಿ.

‘ಹಬ್ಬದ ಶುಭಾಶಯ’ ಎಂಬ ಸ್ಟ್ಯಾಂಪನ್ನು ಎರೇಸರಿನಲ್ಲಿ ಕೊರೆಯಬಹುದೆ?
– ಓದುಗರು, ಉಡುಪಿ

ಖಂಡಿತ ಕೊರೆಯಬಹುದು, ಇದಕ್ಕಾಗಿ ದುಡ್ಡು ಸುರಿಯಬೇಕಿಲ್ಲ. ಬಟರ್ ಪೇಪರಿನ ಮೇಲೆ ಮೆತ್ತನೆಯ 4ಬಿ ಪೆನ್ಸಿಲಿನಲ್ಲಿ ನೇರವಾಗಿಯೇ ಬರೆಯಿರಿ. ಬರೆದ ಮುಖವನ್ನು ಎರೇಸರಿಗೆ ಒತ್ತಿ ಹಿಂದಿನಿಂದ ಉಗುರಿನಲ್ಲಿ ಉಜ್ಜಿದರೆ ಅಕ್ಷರ ತಿರುವುಮುರುವಾಗಿ ಇಳಿಯುತ್ತದೆ. ಕಷ್ಟವಿರುವುದು ನಮ್ಮ ಅಕ್ಷರಗಳ ದುಂಡಿನಲ್ಲಿ. ‘ಬ’ದ ಹೊಟ್ಟೆ, ‘ಬ್ಬ’ದ ಒತ್ತಿಗೂ ಮೇಲಿನ ಅಕ್ಷರಕ್ಕೂ ನಡುವಿನ ಸಂದು, ಇಲ್ಲೆಲ್ಲ ಇಂಕು ತುಂಬಿಕೊಳ್ಳುತ್ತದೆ. ಆದ್ದರಿಂದ ಒತ್ತೂ ಸೇರಿ 2 ಸೆಂ.ಮೀ. ಎತ್ತರಕ್ಕಿಂತ ಚಿಕ್ಕದಾಗಿ ಬರೆಯಬೇಡಿ, ಒತ್ತನ್ನು ತುಸು ಕೆಳಗಿಳಿಸಿ. ಎರಡು ಪದಕ್ಕೆ ಎರಡು ಎರೇಸರ್ ಇಟ್ಟುಕೊಳ್ಳಿ. ಒಳಗಿನ ಸಂದುಗಳನ್ನು ಮೊದಲು ಕೊರೆಯಿರಿ, ಹೊರಭಾಗ ಆಮೇಲೆ. ಬ್ಲೇಡು ಅಕ್ಷರದಿಂದ ಹೊರಕ್ಕೆ ಇಳಿಜಾರಾಗಿ ಸಾಗಲಿ. ಒಳಕ್ಕೆ ವಾಲಿದರೆ ಬುಡ ತೆಳುವಾಗಿ, ನಾಲ್ಕು ಸಲ ಒತ್ತುವಷ್ಟರಲ್ಲಿ ಗೆರೆ ಕಿತ್ತುಬರುತ್ತದೆ.

ಕೊರೆದ ಎರೇಸರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಗೇ ಇಡಬೇಡಿ. ವಿನೈಲ್ ಎರೇಸರಿನ ಎಣ್ಣೆಯಂಥ ಅಂಶ ಡಬ್ಬಿಯನ್ನು ಮೆತ್ತಗಾಗಿಸಿ ಎರಡೂ ಅಂಟಿಕೊಳ್ಳುತ್ತವೆ. ಕಾಗದದಲ್ಲಿ ಸುತ್ತಿಡಿ.

ಕಾವಿಗೆ ಕರಗಿ ಚಿತ್ರವನ್ನು ಉಬ್ಬಿಸುವ ಎಂಬಾಸಿಂಗ್ ಪುಡಿ ಹಾಕಿ ಹೇರ್ ಡ್ರೈಯರ್ ಹಿಡಿದರೆ ಪುಡಿಯೆಲ್ಲ ಹಾರಿಹೋಗುತ್ತದೆ.
– ಓದುಗರು, ಮುಂಬೈ

ಹೇರ್ ಡ್ರೈಯರಿನಲ್ಲಿ ಗಾಳಿ ಜಾಸ್ತಿ, ಕಾವು ಸಾಲದು. ಕರಕುಶಲಕ್ಕೆಂದೇ ಇರುವ, ಬಿಸಿಗಾಳಿ ಬಿಡುವ ಹೀಟ್ ಗನ್ ಬೇಕು. ಪಿಗ್ಮೆಂಟ್ ಇಂಕಿನಲ್ಲಿ ಒತ್ತಿ, ಹಸಿಯಿರುವಾಗಲೇ ಪುಡಿ ಸುರಿದು ಕೊಡವಿ. ಬೇಡದ ಕಡೆ ಪುಡಿ ಅಂಟುತ್ತಿದ್ದರೆ, ಒತ್ತುವ ಮೊದಲೇ ಕಾರ್ಡಿಗೆ ಚಿಟಿಕೆ ಟಾಲ್ಕಂ ಪೌಡರ್ ಸವರಿ ಒರೆಸಿರಬೇಕು. ಗನ್ನನ್ನು ಮೊದಲು ಬೇರೆಡೆಗೆ ಹಿಡಿದು ಕಾಯಿಸಿಕೊಂಡು, ನಂತರ ಐದಾರು ಸೆಂ.ಮೀ. ದೂರದಿಂದ ಆಡಿಸಿ. ಪುಡಿ ಕರಗಿ ಹೊಳಪು ಬಂದ ಕೂಡಲೇ ಮುಂದಕ್ಕೆ ಸರಿಸಿ. ಹೆಚ್ಚು ಕಾದರೆ ಕಾಗದದೊಳಕ್ಕೆ ಇಳಿದು ಉಬ್ಬೂ ಹೋಗುತ್ತದೆ, ಎಣ್ಣೆ ಕಲೆಯೂ ಕಾಣುತ್ತದೆ.